ಅರ್ಥವಾಗದಿದ್ದರೆ ‘ಸೇ ಅಗೇನ್’ ಅನ್ನಿ: ಪೈಲಟ್ ಕಲಿಕೆ, ಕಂಟ್ರೋಲ್ ಟವರ್ ಮತ್ತು ನಾವು

(ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡ ಯುವಜನರ ಮುಂದೆ ಆಡಿದ ಮಾತಿನ ಬರಹ ರೂಪ. ಎಲ್ಲ ಗಡಿ ತಾಲೂಕುಗಳ ಗೆಳೆಯರಿಗಾಗಿ ಇಲ್ಲಿ ಹಾಕುತ್ತಿದ್ದೇವೆ.)

ಕಂಬಂ, ಬೋಡಿ, ಉತ್ತಮಪಾಳ್ಯಂ ಕಡೆಯಿಂದ ಬಂದಿರೋ ತಮ್ಮಂದಿರೇ, ತಂಗಿಯರೇ, ದಿಂಡಿಗಲ್‌ನಿಂದ ಬಸ್ ಹಿಡಿದು ಬಂದವರೇ, ಹಿಂದೆ ಕೂತಿರೋ ಹಿರಿಯರೇ, ಇವತ್ತು ನನಗೆ ಕೊಟ್ಟಿರೋ ವಿಷಯ ಸ್ವಲ್ಪ ಬೇರೆ ತರಹದ್ದು. ವಿಮಾನ ಹಾರಿಸಲು ಕಲಿಯುವವರು ಏರ್ ಟ್ರಾಫಿಕ್ ಕಂಟ್ರೋಲ್ ಜೊತೆ ಕೆಲಸ ಮಾಡೋದನ್ನು ಹೇಗೆ ಕಲೀತಾರೆ ಅನ್ನೋದು.

ತೇನಿಯಲ್ಲಿ ವಿಮಾನ ನಿಲ್ದಾಣ ಇಲ್ಲ. ದಿಂಡಿಗಲ್‌ನಲ್ಲೂ ಇಲ್ಲ. ನಮಗೆ ಹತ್ತಿರದ್ದು ಮಧುರೈ. ಹಾಗಿದ್ದ ಮೇಲೆ ದ್ರಾಕ್ಷಿ ತೋಟಗಳ ನಡುವೆ ಕೂತು ಈ ಮಾತು ಯಾಕೆ ಅಂತ ಕೇಳಬಹುದು. ಎರಡು ಕಾರಣ ಇದೆ. ಒಂದು, ನಿಮ್ಮಲ್ಲಿ ಕೆಲವರಿಗೆ ಈ ಕೆಲಸದ ಆಸೆ ಇದೆ, ಆದರೆ ಕೇಳೋಕೆ ಯಾರೂ ಇಲ್ಲ. ಇನ್ನೊಂದು, ಮನೆಯಲ್ಲಿ ಕನ್ನಡ, ಬೀದಿಯಲ್ಲೂ ಶಾಲೆಯಲ್ಲೂ ತಮಿಳು, ಪರೀಕ್ಷೆಯಲ್ಲಿ ಇಂಗ್ಲಿಷ್ ಅಂತ ಬೆಳೆದವರಿಗೆ ಈ ವಿಷಯದಲ್ಲಿ ಒಂದು ಪಾಠ ಇದೆ. ತಾಳವಾಡಿ, ಹೊಸೂರು, ಮಂಜೇಶ್ವರ, ಜತ್ತ, ಅಕ್ಕಲಕೋಟೆ, ಎಲ್ಲಿಯ ಹುಡುಗರಿಗೂ ಅದೇ ಪಾಠ. ಪೈಲಟ್ ಆಗದವರಿಗೂ ಅದು ಬೇಕು.

ಮೊದಲು ಟವರ್ ಅಂದ್ರೆ ಏನು ಅಂತ ನೋಡೋಣ. ಸಿನಿಮಾದಲ್ಲಿ ತೋರಿಸೋ ಹಾಗೆ ಗಾಜಿನ ಕೋಣೆಯಲ್ಲಿ ಕೂತವರು ವಿಮಾನವನ್ನು ರಿಮೋಟ್‌ನಲ್ಲಿ ಓಡಿಸಲ್ಲ. ಓಡಿಸೋದು ಪೈಲಟ್. ಒಂದು ವಿಮಾನಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಇರೋ ಹಾಗೆ ನೋಡಿಕೊಳ್ಳೋದು ಕಂಟ್ರೋಲರ್ ಕೆಲಸ. ದೊಡ್ಡ ನಿಲ್ದಾಣಗಳಲ್ಲಿ ಈ ಕೆಲಸ ಹಂಚಿಹೋಗಿರುತ್ತೆ. ನೆಲದ ಮೇಲೆ ಓಡಾಡುವಾಗ ‘ಗ್ರೌಂಡ್’, ರನ್‌ವೇ ಮತ್ತು ಅದರ ಸುತ್ತಮುತ್ತಲಿಗೆ ‘ಟವರ್’, ಹತ್ತಿರ ಬರುವ, ದೂರ ಹೋಗುವ ವಿಮಾನಗಳಿಗೆ ‘ಅಪ್ರೋಚ್’, ದೂರದ ದಾರಿಗೆ ‘ಏರಿಯಾ ಕಂಟ್ರೋಲ್’. ನಮ್ಮ ತಲೆಯ ಮೇಲೆ ಹೋಗುವ ವಿಮಾನಗಳು ಚೆನ್ನೈ ವಲಯಕ್ಕೆ ಸೇರಿದವು. ಮಧುರೈಗೆ ಇಳಿಯುವ ವಿಮಾನವನ್ನು ಚೆನ್ನೈನವರು ಒಂದು ಹಂತದವರೆಗೆ ನೋಡಿಕೊಂಡು, ಆಮೇಲೆ ಮಧುರೈನವರ ಕೈಗೆ ಒಪ್ಪಿಸ್ತಾರೆ. ಹೊಲದ ನೀರು ಬಿಡುವವರು ಒಬ್ಬರ ಸರದಿ ಮುಗಿಸಿ ಇನ್ನೊಬ್ಬರಿಗೆ ಮಡೆ ತಿರುಗಿಸಿಕೊಡೋ ಹಾಗೆ.

ಇಷ್ಟೆಲ್ಲಾ ನಡೆಯೋದು ಮಾತಿನಲ್ಲಿ. ಒಂದು ಫ್ರೀಕ್ವೆನ್ಸಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೀರಲು ಸದ್ದು ಬರುತ್ತೆ, ಯಾರ ಮಾತೂ ಕೇಳಿಸಲ್ಲ. ಅದಕ್ಕೇ ಮಾತು ಚಿಕ್ಕದಾಗಿ, ಅಳತೆಯಲ್ಲಿ, ಎಲ್ಲರಿಗೂ ಒಂದೇ ಅರ್ಥ ಬರೋ ಹಾಗೆ ಇರಬೇಕು. ಬಸ್ಸಿನ ಕಂಡಕ್ಟರ್ ವಿಸಿಲ್ ನೆನಪಿಸಿಕೊಳ್ಳಿ. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೊರಡು. ಡ್ರೈವರ್ ತಮಿಳಿನವರೋ ಕನ್ನಡದವರೋ, ವಿಸಿಲ್‌ನ ಅರ್ಥ ಬದಲಾಗಲ್ಲ. ರೇಡಿಯೋ ಮಾತು ಕೂಡ ಹಾಗೇನೇ.

ಕಲಿಯೋಕೆ ಬಂದ ಹುಡುಗ ಹುಡುಗಿಯರಿಗೆ ಮೊದಲ ದಿನಗಳಲ್ಲಿ ಇದೇ ದೊಡ್ಡ ಭಯ. ವಿಮಾನ ಎತ್ತೋದಕ್ಕಿಂತ ಮೈಕ್ ಗುಂಡಿ ಒತ್ತೋದಕ್ಕೆ ಕೈ ನಡುಗುತ್ತೆ ಅಂತ ಕಲಿತವರು ಎಷ್ಟೋ ಜನ ಹೇಳ್ತಾರೆ. ಯಾಕಂದ್ರೆ ಅಲ್ಲಿ ಎಲ್ಲರೂ ಕೇಳಿಸಿಕೊಳ್ತಾರೆ. ಅದಕ್ಕೆ ಕಲಿಕೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತೆ.

ಮೊದಲ ಮೆಟ್ಟಿಲು ಅಕ್ಷರ ಮತ್ತು ಅಂಕಿ. ‘ಬಿ’, ‘ಡಿ’, ‘ಪಿ’ ರೇಡಿಯೋದಲ್ಲಿ ಒಂದೇ ಥರ ಕೇಳಿಸ್ತಾವೆ. ಅದಕ್ಕೆ ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ ಅಂತ ಒಂದೊಂದು ಅಕ್ಷರಕ್ಕೆ ಒಂದೊಂದು ಪದ. ಭಾರತದ ವಿಮಾನಗಳ ನೋಂದಣಿ ‘ವಿ’, ‘ಟಿ’ಯಿಂದ ಶುರುವಾಗೋದರಿಂದ ನಮ್ಮ ತರಬೇತಿ ವಿಮಾನಗಳ ಹೆಸರು ‘ವಿಕ್ಟರ್ ಟ್ಯಾಂಗೋ’ ಅಂತ ಶುರು.

ಅಂಕಿಗಳಲ್ಲಿ ಒಂದು ತಮಾಷೆ ಇದೆ, ಕೇಳಿ. ಇಂಗ್ಲಿಷಿನ ಮೂರನ್ನು ನಾಲಿಗೆ ಹಲ್ಲಿಗೆ ತಾಗಿಸಿ ಹೇಳೋಕೆ ಬರಲ್ಲ ಅಂತ ಶಾಲೆಯಲ್ಲಿ ನಗಿಸಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ವಿಮಾನ ರೇಡಿಯೋದಲ್ಲಿ ಮೂರು ಅಂದ್ರೆ ‘ಟ್ರೀ’. ಅದೇ ಅಂತರರಾಷ್ಟ್ರೀಯ ನಿಯಮ. ಸಾವಿರಕ್ಕೆ ‘ಟೌಸಂಡ್’. ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’, ಏಕೆಂದರೆ ಫೈವ್ ಮತ್ತು ನೈನ್ ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತೆ. ನಮ್ಮ ಅಜ್ಜಂದಿರು ಹೇಳ್ತಿದ್ದ ‘ಟ್ರೀ’ ಜಗತ್ತಿನ ಆಕಾಶದಲ್ಲಿ ಸರಿಯಾದ ಉಚ್ಚಾರ!

ಎರಡನೇ ಮೆಟ್ಟಿಲು ಮಾತಿನ ಕ್ರಮ. ಯಾರನ್ನು ಕರೀತಿದ್ದೀನಿ, ನಾನು ಯಾರು, ಎಲ್ಲಿದ್ದೀನಿ, ಏನು ಬೇಕು. ಈ ನಾಲ್ಕು, ಇದೇ ಸಾಲಿನಲ್ಲಿ. ಗುಂಡಿ ಒತ್ತೋಕೆ ಮುಂಚೆ ಎರಡು ಸೆಕೆಂಡ್ ಸುಮ್ಮನೆ ಕೇಳಿಸಿಕೊಳ್ಳಬೇಕು, ಬೇರೆಯವರ ಮಾತು ನಡೀತಿದೆಯಾ ಅಂತ. ಏನು ಹೇಳಬೇಕು ಅಂತ ಮನಸ್ಸಿನಲ್ಲಿ ಪೂರ್ತಿ ಜೋಡಿಸಿಕೊಂಡ ಮೇಲೆ ಬಾಯಿ ಬಿಡಬೇಕು. ಮೊದಲ ಹಾರಾಟಗಳಲ್ಲಿ ಮಾತಾಡೋದು ಬೋಧಕರು, ಕಲಿಯುವವರು ಕೇಳ್ತಾರೆ. ಆಮೇಲೆ ಒಂದೊಂದೇ ಮಾತನ್ನು ಇವರ ಕೈಗೆ ಬಿಡ್ತಾರೆ.

ಮೂರನೇ ಮೆಟ್ಟಿಲೇ ಮುಖ್ಯ. ಅದಕ್ಕೆ ‘ರೀಡ್‌ಬ್ಯಾಕ್’ ಅಂತಾರೆ, ಅಂದ್ರೆ ಕೇಳಿದ್ದನ್ನು ಮರಳಿ ಹೇಳೋದು. ಟವರ್ ‘ಹೋಲ್ಡ್ ಶಾರ್ಟ್ ಆಫ್ ರನ್‌ವೇ ಟೂ ಸೆವೆನ್’ ಅಂದ್ರೆ, ರನ್‌ವೇಗೆ ಮುಂಚೆಯೇ ನಿಲ್ಲು ಅಂತ. ಅದಕ್ಕೆ ‘ರೋಜರ್’ ಅಂದು ಬಿಟ್ಟರೆ ನಡೆಯಲ್ಲ. ‘ರೋಜರ್’ ಅಂದ್ರೆ ಕೇಳಿಸ್ತು ಅಂತ ಅಷ್ಟೇ, ಮಾಡ್ತೀನಿ ಅಂತ ಅಲ್ಲ, ಅರ್ಥವಾಗಿದೆ ಅನ್ನೋದಕ್ಕೆ ಸಾಕ್ಷಿಯೂ ಅಲ್ಲ. ‘ಹೋಲ್ಡಿಂಗ್ ಶಾರ್ಟ್ ಆಫ್ ರನ್‌ವೇ ಟೂ ಸೆವೆನ್’ ಅಂತ ತನ್ನ ವಿಮಾನದ ಹೆಸರಿನ ಸಮೇತ ಮರಳಿ ಹೇಳಬೇಕು. ರನ್‌ವೇಗೆ ಹತ್ತೋ, ದಾಟೋ, ಏರೋ, ಇಳಿಯೋ ಅನುಮತಿ, ಎತ್ತರ, ದಿಕ್ಕು, ವೇಗ, ಗಾಳಿಯ ಒತ್ತಡದ ಅಂಕಿ, ಟ್ರಾನ್ಸ್‌ಪಾಂಡರ್ ಕೋಡ್, ಇವೆಲ್ಲವನ್ನೂ ಮರಳಿ ಹೇಳಲೇಬೇಕು. ಮರಳಿ ಹೇಳಿದ್ದು ಸರಿಯಿದೆಯಾ ಅಂತ ಕಂಟ್ರೋಲರ್ ಕಿವಿಗೊಟ್ಟು ಕೇಳ್ತಾರೆ. ತಪ್ಪಿದ್ದರೆ ‘ನೆಗೆಟಿವ್’ ಅಂತ ಹೇಳಿ ತಿದ್ದುತ್ತಾರೆ. ಹೇಳೋದು, ಮರಳಿ ಹೇಳೋದು, ಅದನ್ನು ಕೇಳಿ ಒಪ್ಪೋದು, ಈ ಮೂರೂ ಮುಗಿದರೆ ಮಾತ್ರ ಮಾತು ಮುಗಿದ ಹಾಗೆ.

ಇಷ್ಟು ಕಟ್ಟುನಿಟ್ಟು ಯಾಕೆ? ಒಂದೊಂದು ನಿಯಮದ ಹಿಂದೆ ಜನ ಸತ್ತಿದ್ದಾರೆ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಮಂಜಿನ ನಡುವೆ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆ ಡಿಕ್ಕಿ ಹೊಡೆದವು. 583 ಜನ ಹೋದರು. ಒಂದು ವಿಮಾನದವರು ಹೊರಡ್ತಿದ್ದೀವಿ ಅಂತ ಹೇಳಿದ್ದು ಟವರ್‌ನವರಿಗೆ ಹೊರಡಲು ತಯಾರಾಗಿ ನಿಂತಿದ್ದೀವಿ ಅನ್ನೋ ಹಾಗೆ ಅರ್ಥವಾಯ್ತು. ನಿಲ್ಲಿ ಅನ್ನೋ ಮಾತು ಇನ್ನೊಂದು ಮಾತಿನ ಜೊತೆ ಸೇರಿ ಕೀರಲು ಸದ್ದಾಯ್ತು. ಅದರ ನಂತರ ‘ಟೇಕಾಫ್’ ಅನ್ನೋ ಪದವನ್ನು ಹೊರಡುವ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸೋದು ರೂಢಿಯಾಯ್ತು. ಬೇರೆಲ್ಲ ಕಡೆ ‘ಡಿಪಾರ್ಚರ್’.

ನಮ್ಮ ದೇಶದ್ದೇ ಹೇಳಬೇಕಂದ್ರೆ 1996ರ ನವೆಂಬರ್ 12. ಹರಿಯಾಣದ ಚರ್ಖಿ ದಾದ್ರಿ. ದೆಹಲಿಯಿಂದ ಏರುತ್ತಿದ್ದ ಸೌದಿಯ ಬೋಯಿಂಗ್ 747ಕ್ಕೆ 14,000 ಅಡಿ ಕೊಟ್ಟಿದ್ದರು. ದೆಹಲಿಗೆ ಇಳಿಯುತ್ತಿದ್ದ ಕಜಾಕಸ್ತಾನದ ಇಲ್ಯೂಷಿನ್‌ಗೆ 15,000 ಅಡಿ. ನಡುವೆ ಸಾವಿರ ಅಡಿ ಇರಬೇಕಿತ್ತು. ಇಲ್ಯೂಷಿನ್ ತನಗೆ ಕೊಟ್ಟ ಎತ್ತರಕ್ಕಿಂತ ಕೆಳಗೆ ಇಳಿಯಿತು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ವಿಮಾನದಲ್ಲಿ ರೇಡಿಯೋದಲ್ಲಿ ಇಂಗ್ಲಿಷ್ ಮಾತಾಡ್ತಿದ್ದವರು ಒಬ್ಬರು, ವಿಮಾನ ನಡೆಸ್ತಿದ್ದವರು ಇನ್ನೊಬ್ಬರು. ಕಿವಿಗೆ ಬಿದ್ದ ಅಂಕಿ ಕೈಗೆ ಸರಿಯಾಗಿ ತಲುಪಲಿಲ್ಲ ಅಂದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಈಗ ಭಾಷೆಯ ವಿಷಯಕ್ಕೆ ಬರ್ತೀನಿ. ನಿಮ್ಮಲ್ಲಿ ಒಬ್ಬರು ಮೊದಲೇ ಕೇಳಿದ್ರಿ: ‘ಎಲ್ಲದಕ್ಕೂ ನಮ್ಮ ನುಡಿ ಬೇಕು ಅಂತೀವಲ್ಲ, ಆಕಾಶದಲ್ಲಿ ಯಾಕೆ ಬೇಡ?’ ಒಳ್ಳೆ ಪ್ರಶ್ನೆ. ಜಗತ್ತಿನಲ್ಲಿ ಇದಕ್ಕಾಗಿ ಹೋರಾಟವೇ ನಡೆದಿದೆ. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಮಾತಾಡುವ ಪೈಲಟ್‌ಗಳು, ಕಂಟ್ರೋಲರ್‌ಗಳು ತಮ್ಮ ನುಡಿಯಲ್ಲಿ ಕೆಲಸ ಮಾಡಬೇಕು ಅಂದರು. ಇದು ಅಪಾಯ ಅಂತ 1976ರ ಜೂನ್‌ನಲ್ಲಿ ಪೈಲಟ್‌ಗಳು ಮುಷ್ಕರ ಹೂಡಿದರು, ದೇಶದ ವಿಮಾನ ಓಡಾಟವೇ ನಿಂತುಹೋಯ್ತು. ಆಮೇಲೆ ತನಿಖಾ ಆಯೋಗ ಕೂತು, ಪ್ರಯೋಗ ಮಾಡಿ ನೋಡಿ, 1979ರಲ್ಲಿ ಎರಡು ಭಾಷೆಯ ಪದ್ಧತಿ ಅಲ್ಲಿ ಸುರಕ್ಷಿತವಾಗಿ ನಡೆಯಬಹುದು ಅಂತ ವರದಿ ಕೊಟ್ಟಿತು. ಅಂತರರಾಷ್ಟ್ರೀಯ ನಿಯಮದಲ್ಲೂ ಆ ನಿಲ್ದಾಣದವರು ಸಾಮಾನ್ಯವಾಗಿ ಬಳಸುವ ಭಾಷೆಗೆ ಜಾಗ ಇದೆ. ಕೇಳಿದರೆ ಇಂಗ್ಲಿಷ್ ಸಿಗಲೇಬೇಕು ಅನ್ನೋದು ಷರತ್ತು.

ಇನ್ನೊಂದು ಮಗ್ಗುಲನ್ನೂ ನೋಡಬೇಕು. 2000ದ ಮೇ 25ರಂದು ಪ್ಯಾರಿಸ್ ನಿಲ್ದಾಣದಲ್ಲಿ ಒಂದು ಫ್ರೆಂಚ್ ವಿಮಾನಕ್ಕೆ ಫ್ರೆಂಚ್‌ನಲ್ಲಿ ಹೊರಡುವ ಅನುಮತಿ ಸಿಕ್ಕಿತು. ಅದೇ ರನ್‌ವೇಗೆ ನಡುವಿನಿಂದ ಹತ್ತುತ್ತಿದ್ದ ಬ್ರಿಟಿಷ್ ಸರಕು ವಿಮಾನದವರಿಗೆ ಇಂಗ್ಲಿಷ್‌ನಲ್ಲಿ ಮಾತು ನಡೆದಿತ್ತು. ಪಕ್ಕದ ವಿಮಾನಕ್ಕೆ ಏನು ಹೇಳಿದರು ಅಂತ ಇವರಿಗೆ ತಿಳಿಯಲಿಲ್ಲ. ದೊಡ್ಡ ವಿಮಾನದ ರೆಕ್ಕೆ ಚಿಕ್ಕದಕ್ಕೆ ಬಡಿದು ಒಬ್ಬ ಪೈಲಟ್ ಸತ್ತರು. ರೇಡಿಯೋದಲ್ಲಿ ನಮಗೆ ಹೇಳಿದ ಮಾತಿನಷ್ಟೇ ಬೇರೆಯವರಿಗೆ ಹೇಳಿದ ಮಾತೂ ಮುಖ್ಯ. ಯಾರು ಎಲ್ಲಿದ್ದಾರೆ ಅನ್ನೋ ಚಿತ್ರ ಅದರಿಂದಲೇ ತಲೆಯಲ್ಲಿ ಮೂಡೋದು. ಕನ್ನಡ, ತಮಿಳು, ಮಲಯಾಳ, ಮರಾಠಿ, ಹಿಂದಿ ಎಲ್ಲರೂ ಒಂದೇ ಆಕಾಶದಲ್ಲಿ ಇರೋ ನಮ್ಮ ದೇಶದಲ್ಲಿ ಎಲ್ಲರ ಕಿವಿಗೂ ಒಂದೇ ಅರ್ಥ ಕೊಡೋ ಮಾತು ಬೇಕೇ ಬೇಕು. ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಕಾಕ್‌ಪಿಟ್‌ನಲ್ಲಿ ಇಂಗ್ಲಿಷ್ ಒಂದು ಉಪಕರಣ, ಅಳತೆಪಟ್ಟಿಯ ಹಾಗೆ. ಅದನ್ನು ಕಲಿತರೆ ನಮ್ಮ ನುಡಿಗೆ ಕೊರತೆ ಏನೂ ಆಗಲ್ಲ.

ಆದರೆ ಆ ಇಂಗ್ಲಿಷ್ ಎಷ್ಟು ಬೇಕು? ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಆರು ಹಂತ ಮಾಡಿದೆ. ದೇಶದಿಂದ ದೇಶಕ್ಕೆ ಹಾರುವ ಪೈಲಟ್‌ಗೆ, ಅವರ ಜೊತೆ ಮಾತಾಡುವ ಕಂಟ್ರೋಲರ್‌ಗೆ ನಾಲ್ಕನೇ ಹಂತ ಇದ್ದರೆ ಸಾಕು. ಉಚ್ಚಾರ, ವಾಕ್ಯರಚನೆ, ಪದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಅಂತ ಆರು ವಿಷಯ ನೋಡ್ತಾರೆ. ನಾಲ್ಕನೇ ಹಂತದ ವಿವರಣೆಯಲ್ಲೇ ತಾಯ್ನುಡಿಯ ಛಾಯೆ ಮಾತಿನಲ್ಲಿ ಇರಬಹುದು, ಅದು ಅರ್ಥಕ್ಕೆ ಅಡ್ಡಿ ಬರೋದು ಕೆಲವೊಮ್ಮೆ ಮಾತ್ರ ಆಗಿರಬೇಕು ಅನ್ನೋ ಮಾತಿದೆ. ಗಮನಿಸಿ, ಕಾನ್ವೆಂಟ್ ಇಂಗ್ಲಿಷ್ ಯಾರೂ ಕೇಳ್ತಿಲ್ಲ. ನಿಮ್ಮ ಮಾತಿನಲ್ಲಿ ಕಂಬಂ ಇರಲಿ, ತಾಳವಾಡಿ ಇರಲಿ, ಪರವಾಗಿಲ್ಲ. ಸ್ಪಷ್ಟವಾಗಿರಬೇಕು, ಅಷ್ಟೇ.

ಹಾಗಾದರೆ ನಿಜವಾದ ತೊಂದರೆ ಎಲ್ಲಿ? ಒಂದು ಘಟನೆ ಹೇಳ್ತೀನಿ. 1990ರ ಜನವರಿ 25. ಕೊಲಂಬಿಯಾದ ಏವಿಯಾಂಕಾ 52, ಒಂದು ಬೋಯಿಂಗ್ 707, ನ್ಯೂಯಾರ್ಕ್‌ಗೆ ಬಂತು. ಹವಾಮಾನ ಕೆಟ್ಟಿತ್ತು. ಒಂದು ಗಂಟೆಗಿಂತ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತು ಹಾಕಿಸಿದರು. ಇಂಧನ ಮುಗೀತಾ ಬಂತು. ಕ್ಯಾಪ್ಟನ್ ತನ್ನ ಸ್ಪ್ಯಾನಿಷ್‌ನಲ್ಲಿ ಸಹ ಪೈಲಟ್‌ಗೆ ಹೇಳಿದರು, ನಾವು ತುರ್ತು ಸ್ಥಿತಿಯಲ್ಲಿದ್ದೀವಿ ಅಂತ ಅವರಿಗೆ ತಿಳಿಸು ಅಂತ. ಸಹ ಪೈಲಟ್ ಇಂಗ್ಲಿಷ್‌ನಲ್ಲಿ ಕಂಟ್ರೋಲರ್‌ಗೆ ಹೇಳಿದ್ದು ಇಂಧನ ಮುಗೀತಾ ಇದೆ ಅಂತ ಮಾತ್ರ, ಅದೂ ಬೇರೆ ಮಾತಿನ ಬಾಲದಲ್ಲಿ, ತಣ್ಣಗೆ. ‘ಎಮರ್ಜೆನ್ಸಿ’ ಅನ್ನೋ ಪದ ಬರಲಿಲ್ಲ. ‘ಮೇಡೇ’ ಬರಲಿಲ್ಲ. ಕೇಳುವವರಿಗೆ ಇದು ಪ್ರಾಣದ ವಿಷಯ ಅಂತ ಅನಿಸಲೇ ಇಲ್ಲ. ನಾಲ್ಕು ಎಂಜಿನ್ನೂ ಆರಿಹೋಗಿ ವಿಮಾನ ಗುಡ್ಡಕ್ಕೆ ಬಿತ್ತು. 158 ಜನರಲ್ಲಿ 73 ಜನ ಸತ್ತರು.

ಗೆಳೆಯರೇ, ಆ ಸಹ ಪೈಲಟ್‌ಗೆ ಇಂಗ್ಲಿಷ್ ಬರ್ತಿತ್ತು. ಪದಗಳೂ ಗೊತ್ತಿದ್ದವು. ದೊಡ್ಡ ಊರಿನ ದೊಡ್ಡ ನಿಲ್ದಾಣದ ಗಡಿಬಿಡಿಯ ದನಿಯ ಎದುರು ಒತ್ತಿ ಹೇಳೋದು ಆಗಲಿಲ್ಲ. ಈ ನಡವಳಿಕೆ ನಮಗೆ ಹೊಸದಲ್ಲ. ಬೇರೆ ನುಡಿಯ ತರಗತಿಯಲ್ಲಿ ಕೂತವರಿಗೆ ಒಂದು ಅಭ್ಯಾಸ ಆಗಿರುತ್ತೆ: ಅರ್ಥ ಆಗದಿದ್ದರೂ ತಲೆ ಆಡಿಸೋದು. ಮೇಷ್ಟ್ರು ‘ಪುರಿಯುತಾ?’ ಅಂದ್ರೆ ‘ಪುರಿಯುತು ಸಾರ್’ ಅನ್ನೋದು. ಕಚೇರಿಯ ಕಿಟಕಿಯಲ್ಲಿ ಗುಮಾಸ್ತರು ಏನೋ ಹೇಳಿದರೆ, ತಿರುಗಿ ಕೇಳಿದರೆ ನಗ್ತಾರೋ ಏನೋ ಅಂತ ಸುಮ್ಮನೆ ಸಹಿ ಹಾಕೋದು. ಕಾಸರಗೋಡಿನಲ್ಲಿ ಮಲಯಾಳದ ಅರ್ಜಿ, ಅಕ್ಕಲಕೋಟೆಯಲ್ಲಿ ಮರಾಠಿಯ ಅರ್ಜಿ, ಎಲ್ಲ ಕಡೆ ಇದೇ ಕಥೆ. ತಲೆ ಆಡಿಸಿದರೆ ಆ ಕ್ಷಣ ಮರ್ಯಾದೆ ಉಳಿದ ಹಾಗೆ ಅನಿಸುತ್ತೆ. ನಷ್ಟ ಆಮೇಲೆ ಗೊತ್ತಾಗುತ್ತೆ.

ವಿಮಾನ ಕಲಿಕೆ ಈ ಅಭ್ಯಾಸವನ್ನು ಬೇರು ಸಮೇತ ಕೀಳುತ್ತೆ. ಅಲ್ಲಿ ಮೂರು ಮಾತು ಕಲಿಸ್ತಾರೆ. ಒಂದು, ‘ಸೇ ಅಗೇನ್’, ಇನ್ನೊಮ್ಮೆ ಹೇಳಿ. ಎರಡು, ‘ಅನೇಬಲ್’, ಇದು ನನ್ನಿಂದ ಆಗಲ್ಲ. ಮೂರು, ‘ಸ್ಟ್ಯಾಂಡ್‌ಬೈ’, ಸ್ವಲ್ಪ ತಾಳಿ. ಹದಿನೆಂಟು ವರ್ಷದ ಹುಡುಗಿ ಇಪ್ಪತ್ತು ವರ್ಷ ಅನುಭವದ ಕಂಟ್ರೋಲರ್‌ಗೆ ‘ಅನೇಬಲ್’ ಅಂದರೆ ಅದು ಧಿಮಾಕು ಅಲ್ಲ. ಅವಳ ಮುಂದೆ ಮೋಡ ಇದೆ, ಅದು ಟವರ್‌ಗೆ ಕಾಣಲ್ಲ. ವಿಮಾನದ ಕೊನೆಯ ಹೊಣೆ ಪೈಲಟ್‌ದು ಅಂತ ನಿಯಮವೇ ಹೇಳುತ್ತೆ. ಅವಳು ಒಬ್ಬಳೇ ಹಾರುತ್ತಿದ್ದರೆ ‘ಸ್ಟೂಡೆಂಟ್ ಪೈಲಟ್, ಸೋಲೋ’ ಅಂತ ಮೊದಲೇ ತಿಳಿಸಬಹುದು. ಹಾಗೆ ಹೇಳಿದರೆ ಕಂಟ್ರೋಲರ್ ಸಾಮಾನ್ಯವಾಗಿ ನಿಧಾನವಾಗಿ, ಸರಳವಾಗಿ ಮಾತಾಡ್ತಾರೆ, ಸ್ವಲ್ಪ ಹೆಚ್ಚು ಜಾಗ ಬಿಡ್ತಾರೆ. ನಾನು ಕಲಿಯುವವಳು ಅಂತ ಹೇಳಿಕೊಳ್ಳೋದು ಅಲ್ಲಿ ನಾಚಿಕೆಯ ವಿಷಯ ಅಲ್ಲ, ಸುರಕ್ಷತೆಯ ವಿಷಯ.

ನಾಲ್ಕನೇ ಮೆಟ್ಟಿಲು ಸರ್ಕ್ಯೂಟ್. ಏರಿ, ತಿರುಗಿ, ರನ್‌ವೇಗೆ ಸಮಾನಾಂತರವಾಗಿ ಹೋಗಿ, ಮತ್ತೆ ಎರಡು ಸಲ ತಿರುಗಿ ಇಳಿಯೋದು. ‘ಡೌನ್‌ವಿಂಡ್’, ‘ಬೇಸ್’, ‘ಫೈನಲ್’ ಅಂತ ಆಯಾ ಜಾಗದಲ್ಲಿ ಹೇಳಬೇಕು. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತೆ. ಮಧುರೈ ರನ್‌ವೇ ಪೂರ್ವ ಪಶ್ಚಿಮವಾಗಿದೆ, ಒಂದು ತುದಿ 09, ಇನ್ನೊಂದು 27. ಆಡಿ ತಿಂಗಳಲ್ಲಿ ನಮ್ಮ ಕಣಿವೆಯಲ್ಲಿ ಗಾಳಿ ಯಂತ್ರಗಳು ಯಾವ ದಿಕ್ಕಿಗೆ ಮುಖ ಮಾಡಿ ತಿರುಗ್ತಾವೆ ನೋಡಿ. ಪಶ್ಚಿಮಕ್ಕೆ. ಆ ಗಾಳಿ ಇದ್ದಾಗ ಮಧುರೈನಲ್ಲಿ ಪಶ್ಚಿಮಕ್ಕೆ ಮುಖ ಮಾಡೋ ರನ್‌ವೇ 27 ಅನುಕೂಲ. ಅರ್ಧ ಪಾಠ ನಿಮಗೆ ಮೊದಲೇ ಗೊತ್ತು, ಅದರ ಹೆಸರು ಮಾತ್ರ ಗೊತ್ತಿಲ್ಲ.

ಐದನೇ ಮೆಟ್ಟಿಲು ಊರಿಂದೂರಿಗೆ ಹಾರೋದು. ಮೊದಲೇ ಫ್ಲೈಟ್ ಪ್ಲಾನ್ ಕೊಡಬೇಕು. ನಮ್ಮ ದೇಶದಲ್ಲಿ ವಾಯುರಕ್ಷಣೆಯ ಅನುಮತಿ ಸಂಖ್ಯೆಯನ್ನೂ ಪಡೆಯಬೇಕು. ದಾರಿಯಲ್ಲಿ ಎಲ್ಲಿದ್ದೀನಿ, ಎಷ್ಟು ಎತ್ತರ, ಮುಂದಿನ ಜಾಗ ಎಷ್ಟು ಹೊತ್ತಿಗೆ ಅಂತ ಹೇಳ್ತಾ ಹೋಗಬೇಕು. ಇಲ್ಲಿ ಬೆಟ್ಟದ ಪಾಠ ಬರುತ್ತೆ. ವಿಮಾನದ ವಿಎಚ್ಎಫ್ ರೇಡಿಯೋ ಹೆಚ್ಚುಕಡಿಮೆ ನೇರವಾಗಿ ಕಾಣುವಷ್ಟು ದೂರ ಮಾತ್ರ ಹೋಗುತ್ತೆ. ಸಮತಟ್ಟು ನೆಲದಲ್ಲಿ ಸಾವಿರ ಅಡಿ ಎತ್ತರದಿಂದ ಲೆಕ್ಕಕ್ಕೆ ಸುಮಾರು 70 ಕಿಲೋಮೀಟರ್. ಐದು ಸಾವಿರ ಅಡಿಗೆ ಹೋದರೆ ಸುಮಾರು 160. ಕಂಬಂನಿಂದ ಮಧುರೈ ನಿಲ್ದಾಣ ನೇರ ಗೆರೆಯಲ್ಲಿ 90 ಕಿಲೋಮೀಟರ್ ಹತ್ತಿರ, ನಡುವೆ ಮೇಘಮಲೈ, ವರುಷನಾಡು ಬೆಟ್ಟಗಳ ಸಾಲು. ಕಣಿವೆಯಲ್ಲಿ ಕೆಳಗೆ ಹಾರಿದರೆ ಮಾತು ತಲುಪುತ್ತೆ ಅಂತ ನಂಬೋ ಹಾಗಿಲ್ಲ. ಬೆಟ್ಟದ ಮರೆಯಲ್ಲಿ ಫೋನ್ ಸಿಗ್ನಲ್ ಹೋಗೋದು ನಿಮಗೆ ಗೊತ್ತಲ್ಲ, ಹಾಗೇ.

ಆರನೇ ಮೆಟ್ಟಿಲು ಕೆಟ್ಟ ದಿನ. ರೇಡಿಯೋ ಸತ್ತರೆ ಟ್ರಾನ್ಸ್‌ಪಾಂಡರ್‌ನಲ್ಲಿ 7600 ಹಾಕಬೇಕು. ಟವರ್‌ನಿಂದ ದೀಪ ತೋರಿಸ್ತಾರೆ. ಹಾರುತ್ತಿರುವ ವಿಮಾನಕ್ಕೆ ಉರಿಯುತ್ತಲೇ ಇರುವ ಹಸಿರು ಅಂದ್ರೆ ಇಳಿಯಬಹುದು, ಉರಿಯುತ್ತಲೇ ಇರುವ ಕೆಂಪು ಅಂದ್ರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರು, ಮಿಣುಕುವ ಕೆಂಪು ಅಂದ್ರೆ ಇಲ್ಲಿ ಇಳಿಯಬೇಡ. ಪ್ರಾಣಾಪಾಯ ಇದ್ದರೆ 7700, ಮತ್ತು ‘ಮೇಡೇ’ ಅಂತ ಮೂರು ಸಲ. ಬೇರೆ ಫ್ರೀಕ್ವೆನ್ಸಿಯಲ್ಲಿ ಯಾರೂ ಸಿಗದಿದ್ದರೆ 121.5. ಆದರೆ ಎಲ್ಲಕ್ಕಿಂತ ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ಈ ಕ್ರಮ ತಪ್ಪಬಾರದು. ಟವರ್ ಕರೀತಿದೆ ಅಂತ ಗಾಬರಿಯಾಗಿ ಕೈಬಿಟ್ಟರೆ ಉತ್ತರ ಕೊಡೋಕೆ ಯಾರೂ ಉಳಿಯಲ್ಲ.

ಈಗ ಆಸೆ ಇರೋರಿಗೆ ಲೆಕ್ಕದ ಮಾತು. ಸ್ಟೂಡೆಂಟ್ ಪೈಲಟ್ ಲೈಸೆನ್ಸ್‌ಗೆ 16 ವರ್ಷ, ಕಮರ್ಷಿಯಲ್ ಲೈಸೆನ್ಸ್‌ಗೆ 18 ವರ್ಷ ಆಗಿರಬೇಕು. ಕಮರ್ಷಿಯಲ್‌ಗೆ 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ಸ್ವಂತ ಹೊಣೆಯಲ್ಲಿ. ರೇಡಿಯೋ ಮಾತಿಗೆ ಬೇರೆಯದೇ ಪರೀಕ್ಷೆ ಇದೆ, ಆರ್‌ಟಿಆರ್ ಅಂತ. ಇದು ಮೊದಲು ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಅದನ್ನು ವಿಮಾನಯಾನ ನಿರ್ದೇಶನಾಲಯಕ್ಕೆ, ಅಂದ್ರೆ ಡಿಜಿಸಿಎಗೆ ಕೊಟ್ಟಿತು. ಕಲಿಯೋ ಜಾಗಗಳು ದೂರ ಇಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಕರ್ನಾಟಕ ಸರ್ಕಾರದ ಹಳೆಯ ತರಬೇತಿ ಶಾಲೆ ಇದೆ. ವಿಮಾನ ನಿಲ್ದಾಣ ಪ್ರಾಧಿಕಾರ 2021ರಿಂದ ಈಚೆಗೆ ತರಬೇತಿ ಶಾಲೆಗಳಿಗೆ ಜಾಗ ಕೊಡಲು ಆರಿಸಿದ ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ, ಹುಬ್ಬಳ್ಳಿ, ನಮ್ಮ ಕಡೆಯ ಸೇಲಂ ಕೂಡ ಇವೆ.

ದುಡ್ಡಿನ ವಿಷಯ ಮುಚ್ಚಿಡಲ್ಲ. ಹಲವು ಹತ್ತು ಲಕ್ಷ ಬೇಕು. ತೋಟ ಅಡ ಇಡೋಕೆ ಮುಂಚೆ ಮೂರು ಕೆಲಸ ಮಾಡಿ. ಮೊದಲು ವೈದ್ಯಕೀಯ ತಪಾಸಣೆ ಮಾಡಿಸಿ. ಕಣ್ಣು, ಕಿವಿ, ಹೃದಯ ಪಾಸಾಗದೆ ಒಂದು ರೂಪಾಯಿಯೂ ಕಟ್ಟಬೇಡಿ. ಎರಡು, ಆ ಶಾಲೆ ಡಿಜಿಸಿಎ ಮಾನ್ಯತೆಯ ಪಟ್ಟಿಯಲ್ಲಿ ಇದೆಯಾ ಅಂತ ನೀವೇ ನೋಡಿ, ಏಜೆಂಟ್ ಬಾಯಿಮಾತು ನಂಬಬೇಡಿ. ಮೂರು, ಪೂರ್ತಿ ಹಣ ಒಂದೇ ಸಲ ಕೊಡಬೇಡಿ. ಹಾರಿದ ಗಂಟೆಗೆ ತಕ್ಕ ಕಂತು ಕೇಳಿ. ಒಪ್ಪಂದದಲ್ಲಿ ಅರ್ಥವಾಗದ ಸಾಲು ಇದ್ದರೆ, ಗೊತ್ತಲ್ಲ, ‘ಸೇ ಅಗೇನ್’.

ಅಷ್ಟು ದುಡ್ಡು ಇಲ್ಲದವರಿಗೆ ಮೈಕ್‌ನ ಇನ್ನೊಂದು ತುದಿ ಇದೆ. ಅದರ ಬಗ್ಗೆ ನಮ್ಮ ಹುಡುಗರಿಗೆ ಹೇಳುವವರೇ ಕಡಿಮೆ. ಭೌತಶಾಸ್ತ್ರ, ಗಣಿತ ಓದಿದ ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಆದವರು ವಿಮಾನ ನಿಲ್ದಾಣ ಪ್ರಾಧಿಕಾರದ ಜೂನಿಯರ್ ಎಕ್ಸಿಕ್ಯೂಟಿವ್ ಪರೀಕ್ಷೆ ಬರೆದು ಏರ್ ಟ್ರಾಫಿಕ್ ಕಂಟ್ರೋಲರ್ ಆಗಬಹುದು. ಬರಹದ ಪರೀಕ್ಷೆ ಆದ ಮೇಲೆ ದನಿಯ ಪರೀಕ್ಷೆಯೂ ಇರುತ್ತೆ. ಆಯ್ಕೆ ಆದರೆ ಪ್ರಯಾಗರಾಜ್‌ನಂಥ ಕಡೆ ಪ್ರಾಧಿಕಾರವೇ ತರಬೇತಿ ಕೊಡುತ್ತೆ. ಇದಕ್ಕೆ ತೋಟ ಮಾರಬೇಕಾಗಿಲ್ಲ. ಓದಬೇಕು.

ನಾಳೆಯಿಂದಲೇ ಮಾಡಬಹುದಾದ ಒಂದು ಅಭ್ಯಾಸ ಹೇಳಿ ಮುಗಿಸ್ತೀನಿ. ಇಬ್ಬರು ಬೆನ್ನಿಗೆ ಬೆನ್ನು ಮಾಡಿ ಕೂತ್ಕೊಳ್ಳಿ. ಒಬ್ಬರು ಟವರ್, ಇನ್ನೊಬ್ಬರು ಪೈಲಟ್. ಟವರ್ ಆದವರು ದಿಕ್ಕು, ಎತ್ತರ, ರನ್‌ವೇ ಮೂರು ಅಂಕಿ ಇಂಗ್ಲಿಷ್‌ನಲ್ಲಿ ಒಂದೇ ಉಸಿರಿಗೆ ಹೇಳಬೇಕು. ಪೈಲಟ್ ಬರೆದುಕೊಂಡು ಮರಳಿ ಹೇಳಬೇಕು. ಟವರ್ ಆಗಾಗ ಬೇಕಂತಲೇ ಗೊಣಗಬೇಕು. ಪೈಲಟ್ ಊಹೆ ಮಾಡಿ ಉತ್ತರ ಕೊಟ್ಟರೆ ಸೋತ ಹಾಗೆ. ‘ಸೇ ಅಗೇನ್’ ಅಂದರೆ ಗೆದ್ದ ಹಾಗೆ. ಆಟ ಮುಗಿದ ಮೇಲೆ ಯಾಕೆ ಹಾಗೆ ಹೇಳಿದರು, ಗಾಳಿ ಯಾವ ಕಡೆ ಇತ್ತು, ಮುಂದಿನ ವಿಮಾನ ಎಲ್ಲಿತ್ತು ಅಂತ ಕನ್ನಡದಲ್ಲಿ ಕೂತು ಮಾತಾಡಿ. ಅರ್ಥ ಮನೆಯ ಮಾತಿನಲ್ಲಿ ಆಗಲಿ, ಉತ್ತರ ರೇಡಿಯೋದ ಮಾತಿನಲ್ಲಿ ಬರಲಿ. ಎರಡಕ್ಕೂ ಜಗಳ ಇಲ್ಲ.

ಇಲ್ಲಿ ಕೂತಿರೋ ಎಲ್ಲರೂ ಪೈಲಟ್ ಆಗಲ್ಲ. ಆದರೆ ಇಲ್ಲಿಂದ ಹೋದ ಮೇಲೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತಾಲೂಕು ಕಚೇರಿಯಲ್ಲಿ ಅರ್ಥವಾಗದ ಮಾತಿಗೆ ಯಾರೂ ತಲೆ ಆಡಿಸಬೇಡಿ. ಇನ್ನೊಮ್ಮೆ ಹೇಳಿ ಅಂತ ಕೇಳಿ. ಕೇಳಿದ್ದನ್ನು ಮರಳಿ ಹೇಳಿ, ಸರಿನಾ ಅಂತ ನೋಡಿಕೊಳ್ಳಿ. ಆಗದಿದ್ದರೆ ಆಗಲ್ಲ ಅನ್ನಿ. ಪ್ರಶ್ನೆಗಳಿದ್ದರೆ ಈಗಲೇ ಕೇಳಿ, ನಾನು ಇಲ್ಲೇ ಇರ್ತೀನಿ.